ಅಚ್ಚಿನ ಚಿತ್ರಕ್ಕೆ ಬೆಲೆ ಕಟ್ಟುವವರು ಯಾರು?

ಮೆಣಸಿನಕಾಯಿಗೆ ಬೆಲೆ ಕಟ್ಟುವುದನ್ನು ನಾವು ಹುಟ್ಟಿದಾಗಿನಿಂದ ನೋಡುತ್ತ ಬಂದವರು. ಬ್ಯಾಡಗಿ ಮಾರುಕಟ್ಟೆಯಲ್ಲಿ ರಾಶಿ ಬಿದ್ದಿರುತ್ತದೆ. ಖರೀದಿದಾರ ಬರುತ್ತಾನೆ. ಒಂದು ಹಿಡಿ ಎತ್ತಿ ಮುರಿಯುತ್ತಾನೆ, ಮೂಸುತ್ತಾನೆ, ಬಣ್ಣ ಎಷ್ಟೈತಿ, ತೇವ ಎಷ್ಟೈತಿ ಅಂತ ಕಣ್ಣಿನಲ್ಲೇ ಅಳೆಯುತ್ತಾನೆ. ಮುಂದಿನ ರಾಶಿಗೆ ಹೋಗುತ್ತಾನೆ. ಬೆಳೆದವನನ್ನು ಯಾರೂ ಏನೂ ಕೇಳುವುದಿಲ್ಲ. ತೊಟ್ಟು ಬಿಡಿಸಿದವಳನ್ನಂತೂ ಕೇಳುವ ಮಾತೇ ಇಲ್ಲ. 2024ರ ಮಾರ್ಚ್ 11ರಂದು ದರ ಕುಸಿದಾಗ ರೊಚ್ಚಿಗೆದ್ದ ರೈತರು ಅದೇ ಮಾರುಕಟ್ಟೆಯಲ್ಲಿ ವಾಹನಗಳಿಗೆ ಬೆಂಕಿ ಹಚ್ಚಿದರು. ಹಚ್ಚಿದ್ದು ಸರಿಯೋ ತಪ್ಪೋ ಅಂತ ಚಹಾದಂಗಡಿಗಳಲ್ಲಿ ಬಹಳ ಮಾತಾಯಿತು. ತನ್ನ ವಸ್ತುವಿಗೆ ತಾನೇ ಬೆಲೆ ಹೇಳಲಾರದವನ ಸಿಟ್ಟು ಎಂಥದು ಎಂಬ ಮಾತು ಮಾತ್ರ ನಮ್ಮ ಕಿವಿಗೆ ಬೀಳಲಿಲ್ಲ.

ಗೆಳೆಯರೇ, ಈ ಮಾತನ್ನು ಎತ್ತಲು ಕಾರಣವಿದೆ. ಕಳೆದ ವರ್ಷ ನಮ್ಮ ಕೇರಿಯಲ್ಲಿ ಒಂದು ಚಿತ್ರಕ್ಕೆ ಬೆಲೆ ಕಟ್ಟುವ ಪ್ರಸಂಗ ಬಂತು. ಅದು ನಮ್ಮನ್ನು ಇನ್ನೂ ಬಿಟ್ಟಿಲ್ಲ.

ನಮ್ಮ ಗೆಳೆಯನೊಬ್ಬ ಚಿತ್ರಕಲೆ ಓದುತ್ತಿದ್ದಾನೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾವು ಹೇಗೆ ಮೊದಲಿಗರೋ, ಅವನ ಮನೆಯಲ್ಲಿ ಅವನೂ ಹಾಗೇ. ರಜೆಗೆ ಬಂದವನು ನಮ್ಮವ್ವ ಮೆಣಸಿನಕಾಯಿ ತೊಟ್ಟು ಬಿಡಿಸುವುದನ್ನು ನೋಡುತ್ತ ಮೂರು ದಿನ ಕೂತ. ನಾಲ್ಕನೆಯ ದಿನ ಲಿನೋಲಿಯಂ ತುಂಡೊಂದನ್ನು ಕೆತ್ತತೊಡಗಿದ. ಚಿತ್ರದಲ್ಲಿ ಅವ್ವ ಒಂದು ಮೊಣಕಾಲು ಎತ್ತಿ ಕೂತಿದ್ದಾಳೆ. ಘಾಟಿಗೆ ಸೆರಗನ್ನು ಮೂಗಿಗೆ ಸುತ್ತಿಕೊಂಡಿದ್ದಾಳೆ. ಮುಖಕ್ಕಿಂತ ಬೆರಳುಗಳೇ ದೊಡ್ಡವು. ಉರಿ ಹತ್ತಿದ ಬೆರಳು ದೊಡ್ಡದಾಗಿಯೇ ಅನ್ನಿಸುತ್ತವೆ ಅನ್ನುವುದು ಆ ಕೆಲಸ ಮಾಡಿದವರಿಗೆ ಗೊತ್ತು. ಅವನಿಗೂ ಗೊತ್ತಿತ್ತು, ಅವನ ಅವ್ವನೂ ಅದೇ ಕೆಲಸದವಳು. ಚಮಚದ ಬೆನ್ನಿನಿಂದ ಉಜ್ಜಿ ಉಜ್ಜಿ ಆರು ಪ್ರತಿ ತೆಗೆದ. ಒಂದನ್ನು ನಾವು ಮನೆಯ ಗೋಡೆಗೆ ಅಂಟಿಸಿದೆವು.

ಆ ಚಿತ್ರವನ್ನು ಪಟ್ಟಣದಿಂದ ಬಂದ ಒಬ್ಬರು ನೋಡಿದರು. ಕಲೆ ಬಲ್ಲವರು, ಚಿತ್ರ ಕೂಡಿಸುವ ಹವ್ಯಾಸದವರು. ಕೆಟ್ಟವರೂ ಅಲ್ಲ, ಚಿತ್ರದ ಮುಂದೆ ಬಹಳ ಹೊತ್ತು ನಿಂತರು. ಆಮೇಲೆ ಹೇಳಿದರು: “ಒಳ್ಳೆಯ ಹತ್ತಿಯ ಕಾಗದದ ಮೇಲೆ ಹತ್ತೇ ಪ್ರತಿ ತೆಗಿ. ಕೆಳಗೆ ಪೆನ್ಸಿಲ್‌ನಿಂದ ಹತ್ತರಲ್ಲಿ ಒಂದು, ಹತ್ತರಲ್ಲಿ ಎರಡು ಅಂತ ನಂಬರ್ ಹಾಕು, ರುಜು ಮಾಡು. ಆಮೇಲೆ ಪಡಿಯಚ್ಚಿಗೆ ಅಡ್ಡ ಗೀಟು ಹೊಡೆದುಬಿಡು. ಪ್ರತಿಗೆ ನಾಲ್ಕು ಸಾವಿರ ಕೊಡ್ತೇನೆ, ಹತ್ತನ್ನೂ ನಾನೇ ತಗೋತೇನೆ.”

ನಲವತ್ತು ಸಾವಿರ. ಗೆಳೆಯನ ಕೊನೆಯ ವರ್ಷದ ಫೀಸು ಬಾಕಿ ಇತ್ತು. ನಾವೆಲ್ಲ ಸುಮ್ಮನೆ ಕೂತೆವು. ಒಳಗಿನಿಂದ ಅವ್ವ ಕೇಳಿದಳು: “ಗೀಟು ಎಲ್ಲಿ ಹೊಡಿತೀರಿ?”

“ಪಡಿಯಚ್ಚಿನ ಮ್ಯಾಲ, ಅಡ್ಡಕ್ಕ.”

“ಅಂದ್ರ ನನ್ನ ಮಾರಿ ಮ್ಯಾಲ.”

ಯಾರ ಬಾಯಲ್ಲೂ ಉತ್ತರ ಇರಲಿಲ್ಲ.

*

ಪಡಿಯಚ್ಚಿಗೆ ಗೀಟು ಹೊಡೆಯುವುದು ಆ ಮನುಷ್ಯ ಹುಟ್ಟಿಸಿದ ಪದ್ಧತಿ ಅಲ್ಲ. ಕಲಾ ಮಾರುಕಟ್ಟೆಯಲ್ಲಿ ಅದು ಹಳೆಯ ರೂಢಿ. ಇಷ್ಟೇ ಪ್ರತಿ, ಇನ್ನು ಮುಂದೆ ಇಲ್ಲ ಅನ್ನುವುದಕ್ಕೆ ಸಾಕ್ಷಿಯಾಗಿ ಅಚ್ಚನ್ನು ಗೀಚಿ ಕೆಡಿಸುತ್ತಾರೆ. ಕೊಂಡವನಿಗೆ ಧೈರ್ಯ, ಬೆಲೆಗೆ ಬಲ. ಈ ರೂಢಿಯನ್ನು ಬಯ್ಯುವ ಮೊದಲು ಅಚ್ಚಿನ ಚಿತ್ರ ಅಂದರೇನು, ಅದನ್ನು ಬಲ್ಲವರು ಹೇಗೆ ನೋಡುತ್ತಾರೆ ಅನ್ನುವುದನ್ನು ನಾವೂ ಕಲಿಯಬೇಕು. ಗೊತ್ತಿಲ್ಲದ್ದನ್ನು ಬಯ್ಯುವುದು ಸುಲಭ. ಅಕ್ಷರದಿಂದ ದೂರ ಇಡಲ್ಪಟ್ಟ ನಾವು ಆ ಸುಲಭದ ದಾರಿ ಹಿಡಿಯಬಾರದು.

ಲಿನೋಲಿಯಂ ಅನ್ನುವುದು ಅಗಸೆ ಎಣ್ಣೆ, ಬೆಂಡಿನ ಪುಡಿ ಕಲಸಿ ಸೆಣಬಿನ ಬಟ್ಟೆಯ ಮೇಲೆ ಬಳಿದು ಮಾಡಿದ ಹಾಳೆ. ನೆಲಕ್ಕೆ ಹಾಸಲೆಂದು, ಜನ ತುಳಿಯಲೆಂದು ಹುಟ್ಟಿದ ವಸ್ತು. ಅದನ್ನು ಉಳಿಯಿಂದ ಕೆತ್ತುತ್ತಾರೆ. ಕೆತ್ತಿ ತೆಗೆದದ್ದು ಬಿಳಿ, ಉಳಿದದ್ದು ಕಪ್ಪು. ಶಾಯಿ ಬಳಿದು, ಕಾಗದ ಹಾಸಿ ಉಜ್ಜಿದರೆ ಚಿತ್ರ ಎಡ ಬಲವಾಗಿ, ಬಲ ಎಡವಾಗಿ ಕಾಗದಕ್ಕೆ ಬರುತ್ತದೆ. ಯಂತ್ರ ಬೇಕಿಲ್ಲ, ಕರೆಂಟು ಬೇಕಿಲ್ಲ. ಮುಖ್ಯ ಮಾತು ಏನೆಂದರೆ, ಹೀಗೆ ತೆಗೆದ ಹತ್ತು ಪ್ರತಿಯಲ್ಲಿ ಹತ್ತೂ ಮೂಲ. ಒಂದು ಮೂಲ, ಉಳಿದವು ನಕಲು ಎಂಬ ಶ್ರೇಣಿ ಇಲ್ಲಿಲ್ಲ. ತೈಲಚಿತ್ರಕ್ಕೆ ಒಬ್ಬನೇ ಒಡೆಯ. ಅಚ್ಚಿನ ಚಿತ್ರ ಒಂದೇ ಹೊತ್ತಿಗೆ ಹತ್ತು ಗೋಡೆಯ ಮೇಲೆ ಇರಬಲ್ಲದು.

ಬಲ್ಲವರು ನೋಡುವ ಕ್ರಮವನ್ನು ಗೆಳೆಯ ನಮಗೆ ಹೇಳಿಕೊಟ್ಟ. ಭೂತಗನ್ನಡಿ ಹಿಡಿದು ನೋಡಿದಾಗ ಸಣ್ಣ ಸಣ್ಣ ಚುಕ್ಕಿಗಳ ಸಾಲು ಕಂಡರೆ ಅದು ಆಫ್‌ಸೆಟ್ ಯಂತ್ರದಲ್ಲಿ ಮುದ್ರಿಸಿದ್ದು, ಕ್ಯಾಲೆಂಡರಿನ ಜಾತಿಯದು. ಕೈಯಿಂದ ತೆಗೆದದ್ದರಲ್ಲಿ ಕಪ್ಪು ತುಂಬಿಕೊಂಡಿರುತ್ತದೆ, ಅಲ್ಲಲ್ಲಿ ಶಾಯಿಯ ಅಂಚು ದಪ್ಪಗಾಗಿರುತ್ತದೆ, ಹಾಳೆಯ ಬೆನ್ನು ಸವರಿದರೆ ಒತ್ತಿದ ಗುರುತು ಬೆರಳಿಗೆ ಸಿಗುತ್ತದೆ. ತಾಮ್ರದ ತಗಡಿನಿಂದ ತೆಗೆದ ಎಚಿಂಗ್ ಆದರೆ ಚಿತ್ರದ ಸುತ್ತ ತಗಡಿನ ಅಂಚು ಕಾಗದಕ್ಕೆ ಇಳಿದಿರುತ್ತದೆ. ಸುತ್ತಲಿನ ಬಿಳಿ ಅಂಚನ್ನು ಕತ್ತರಿಸಿದ್ದರೆ ಬೆಲೆ ಕಡಿಮೆ. ಕಾಗದ ಎಂಥದು, ಕಲೆ ಬಿದ್ದಿದೆಯೋ, ಹರಿದಿದೆಯೋ, ಎಷ್ಟನೆಯ ಪ್ರತಿ, ಯಾರ ರುಜು, ಯಾರ ಕೈಯಿಂದ ಯಾರ ಕೈಗೆ ಬಂತು, ಇವೆಲ್ಲ ಲೆಕ್ಕ.

ಈ ವಿದ್ಯೆ ನಮಗೂ ಬೇಕು. ಮೆಣಸಿನಕಾಯಿಯ ಬಣ್ಣ ನೋಡುವುದು ಖರೀದಿದಾರನಿಗಷ್ಟೇ ಗೊತ್ತಿದ್ದರೆ ರೈತ ಸೋಲುತ್ತಾನೆ. ಆದರೆ ಈ ಪಟ್ಟಿಯನ್ನು ಮತ್ತೊಮ್ಮೆ ಓದಿ ನೋಡಿ. ಕಾಗದದ ಬಗ್ಗೆ ಪ್ರಶ್ನೆ ಇದೆ, ಶಾಯಿಯ ಬಗ್ಗೆ ಇದೆ, ರುಜುವಿನ ಬಗ್ಗೆ ಇದೆ. ಚಿತ್ರದೊಳಗೆ ಕೂತವಳ ಬಗ್ಗೆ ಒಂದು ಪ್ರಶ್ನೆಯೂ ಇಲ್ಲ. ಗೆಳೆಯ ಆ ಚಿತ್ರಕ್ಕೆ ಕೊಟ್ಟಿದ್ದ ಹೆಸರು ‘ದುಡಿಯುವ ಹೆಣ್ಣು’. ಅದನ್ನು ಓದಿ ಹೇಳಿದಾಗ ಅವ್ವ ಕೇಳಿದ್ದೂ ಇದನ್ನೇ: “ಯಾಕ, ನನಗ ಹೆಸರಿಲ್ಲೇನು?” ನಾವು ಕಾಮ್ರೇಡುಗಳು, ಕವಿಗಳು, ಸಂಘಟನೆಯವರು ಅಲ್ಲೇ ಇದ್ದೆವು. ‘ದುಡಿಯುವ ಹೆಣ್ಣು’ ಎಂಬ ಹೆಸರು ನಮಗೆಲ್ಲ ಬಹಳ ಪ್ರಗತಿಪರವಾಗಿ ಕಂಡಿತ್ತು.

ಹಾಗಾಗಿ ಬೆಲೆ ಕಟ್ಟುವ ಪಟ್ಟಿಗೆ ನಾವು ಎರಡು ಪ್ರಶ್ನೆ ಸೇರಿಸುತ್ತೇವೆ. ಚಿತ್ರದಲ್ಲಿರುವವರು ಯಾರು, ಅವರಿಗೆ ಇದರ ಅರಿವು ಇದೆಯೇ? ಬರೆದವನು ಎಲ್ಲಿ ಕೂತು ನೋಡಿದ, ಕುರ್ಚಿಯ ಮೇಲೋ, ಅವರ ಜೊತೆ ನೆಲದ ಮೇಲೋ? ಇವು ದರ ಏರಿಸುವ ಪ್ರಶ್ನೆಗಳಲ್ಲ. ಆದರೆ ಇವನ್ನು ಕೇಳದೆ ಹೇಳಿದ ಬೆಲೆ ಅರ್ಧ ಬೆಲೆ.

*

ಅಚ್ಚಿನ ಚಿತ್ರ ಏಷ್ಯಾದ ಬಡವರ ಕೈಗೆ ಆಯುಧವಾಗಿ ಬಂದ ಕತೆ ನಮ್ಮ ಓದುಗರಿಗೆ ಗೊತ್ತಿರಬೇಕು. 1931ರ ಆಗಸ್ಟಿನಲ್ಲಿ ಚೀನಾದ ಲೇಖಕ ಲೂ ಷುನ್ ಶಾಂಘೈನಲ್ಲಿ ಹದಿಮೂರು ಜನ ಎಳೆಯರನ್ನು ಕೂಡಿಸಿ ಆರು ದಿನ ಮರದಚ್ಚಿನ ತರಗತಿ ನಡೆಸಿದ. ಪಾಠ ಹೇಳಿದವನು ಜಪಾನಿನ ಉಚಿಯಾಮಾ ಕಕಿಚಿ. ಪಕ್ಕದಲ್ಲಿ ನಿಂತು ಅನುವಾದ ಮಾಡಿದವನು ಸ್ವತಃ ಲೂ ಷುನ್. ಅದೇ ವರ್ಷದ ಫೆಬ್ರವರಿಯಲ್ಲಿ ಅವನ ಎಳೆಯ ಗೆಳೆಯ, ಲೇಖಕ ರೌ ಷಿಯನ್ನು ಸರ್ಕಾರ ಗುಂಡಿಟ್ಟು ಕೊಂದಿತ್ತು. ಆ ದುಃಖದಲ್ಲಿ ಲೂ ಷುನ್ ಪತ್ರಿಕೆಯೊಂದರಲ್ಲಿ ಅಚ್ಚು ಹಾಕಿಸಿದ್ದು ಜರ್ಮನಿಯ ಕೇಥೆ ಕೋಲ್ವಿಟ್ಸ್ ಕೆತ್ತಿದ, ತಾಯಿಯೊಬ್ಬಳು ಮಗುವನ್ನು ಎತ್ತಿ ಒಪ್ಪಿಸುವ ಮರದಚ್ಚಿನ ಚಿತ್ರವನ್ನು. ಮರದ ತುಂಡು, ಉಳಿ, ಕಾಗದ ಇದ್ದರೆ ಸಾಕು. ಬೇಗ ಆಗುತ್ತದೆ, ಅಗ್ಗವಾಗಿ ಹರಡುತ್ತದೆ. ಅವನು ಈ ಕಲೆಯನ್ನು ಹಿಡಿದದ್ದು ಅದಕ್ಕಾಗಿ.

ನಮ್ಮ ದೇಶದಲ್ಲಿ ಚಿತ್ತಪ್ರಸಾದ್ ಇದ್ದ. 1915ರಲ್ಲಿ ಹುಟ್ಟಿ 1978ರಲ್ಲಿ ತೀರಿದ ಬಂಗಾಳದ ಈ ಕಲಾವಿದ ಜಾತಿ ವ್ಯವಸ್ಥೆಯನ್ನು ವಿರೋಧಿಸಿ ಭಟ್ಟಾಚಾರ್ಯ ಎಂಬ ತನ್ನ ಅಡ್ಡಹೆಸರನ್ನು ಕಿತ್ತೊಗೆದ. 1943ರ ಬಂಗಾಳದ ಬರದಲ್ಲಿ ಮಿಡ್ನಾಪುರ ಜಿಲ್ಲೆಯ ಹಳ್ಳಿ ಹಳ್ಳಿ ತಿರುಗಿ, ಹಸಿದು ಬಿದ್ದವರನ್ನು ಕಪ್ಪು ಶಾಯಿಯಲ್ಲಿ ಬರೆದು, ಬರಹದ ಜೊತೆ ‘ಹಂಗ್ರಿ ಬೆಂಗಾಲ್’ ಎಂಬ ಪುಸ್ತಿಕೆ ತಂದ. ಬ್ರಿಟಿಷ್ ಸರ್ಕಾರ ಅದರ ಐದು ಸಾವಿರ ಪ್ರತಿಗಳನ್ನು ಹಿಡಿದು ಸುಟ್ಟಿತು. ಅವನ ಮನೆಯವರು ಜೋಪಾನ ಮಾಡಿದ ಒಂದು ಪ್ರತಿ ಉಳಿಯಿತು. ಅದರಿಂದಲೇ 2011ರಲ್ಲಿ ಅದನ್ನು ಇದ್ದ ಹಾಗೆ ಮತ್ತೆ ಅಚ್ಚು ಮಾಡಿದರು. ಮುಂದೆ ಇದೇ ಚಿತ್ತಪ್ರಸಾದ್ ಮುಂಬಯಿಯಲ್ಲಿ ಬಡತನದಲ್ಲೇ ಕೂತು ದುಡಿಯುವ ಮಕ್ಕಳ ಚಿತ್ರಗಳನ್ನು ಲಿನೋಲಿಯಂನಲ್ಲಿ ಕೆತ್ತಿದ.

ಈ ಕತೆಯಿಂದ ನಾವು ಒಂದು ಲೆಕ್ಕ ಕಲಿತೆವು. ಒಂದೇ ಪ್ರತಿ ಇದ್ದಿದ್ದರೆ ಬೆಂಕಿಗೆ ಒಂದೇ ಕಡ್ಡಿ ಸಾಕಿತ್ತು. ಸಾವಿರಾರು ಇದ್ದದ್ದರಿಂದ ಒಂದು ತಪ್ಪಿಸಿಕೊಂಡಿತು. ಹೆಚ್ಚು ಪ್ರತಿ ಅಂದರೆ ಕಡಿಮೆ ಬೆಲೆ ಅಂತ ಮಾರುಕಟ್ಟೆ ಹೇಳುತ್ತದೆ. ಹೆಚ್ಚು ಪ್ರತಿ ಅಂದರೆ ಹೆಚ್ಚು ಆಯುಷ್ಯ ಅಂತ ನಮ್ಮ ಚರಿತ್ರೆ ಹೇಳುತ್ತದೆ. ನಮ್ಮಂಥವರ ಮನೆಗೆ ಮಳೆ, ಗೆದ್ದಲು, ಬೆಂಕಿ, ಪೊಲೀಸು ಯಾವುದು ಯಾವಾಗ ಬರುತ್ತದೋ ಹೇಳಲಾಗದು.

ನಮ್ಮ ಕಾಲದಲ್ಲೂ ಈ ಕೆಲಸ ನಿಂತಿಲ್ಲ. ನಾಗಪುರದಲ್ಲಿ ಹುಟ್ಟಿದ ದಲಿತ ಕಲಾವಿದ ಸವಿ ಸಾವರ್ಕರ್ ಎಚಿಂಗ್‌ನಲ್ಲೂ ಬಣ್ಣದಲ್ಲೂ ಅಸ್ಪೃಶ್ಯರನ್ನು, ದೇವದಾಸಿಯರನ್ನು ಬರೆದಿದ್ದಾರೆ. ಪೇಶ್ವೆಗಳ ಪುಣೆಯಲ್ಲಿ ನಮ್ಮವರ ಕೊರಳಿಗೆ ಕಟ್ಟಿದ ಮಡಕೆ, ಹೆಜ್ಜೆ ಗುಡಿಸಲು ಕಟ್ಟಿದ ಕಸಬರಿಗೆ ಆ ಚಿತ್ರಗಳಲ್ಲಿವೆ. ಅವನ್ನು ನೋಡಿ ಮನೆ ಅಲಂಕಾರಕ್ಕೆ ಒಗ್ಗುವುದಿಲ್ಲ ಅನ್ನುವವರಿದ್ದಾರು. ಒಗ್ಗಬಾರದು ಅಂತಲೇ ಬರೆದದ್ದು.

*

ಈಗ ಆ ಗೀಟಿನ ಪ್ರಶ್ನೆಗೆ ಬರೋಣ. ಅಚ್ಚು ಇನ್ನೂ ಚೆನ್ನಾಗಿರುವಾಗಲೇ ಅದನ್ನು ಕೆಡಿಸಿ ಬೆಲೆ ಏರಿಸುವುದು ನ್ಯಾಯವೇ?

ಒಂದು ಪಕ್ಷದ ವಾದ ಗಟ್ಟಿಯಾಗಿಯೇ ಇದೆ, ಅದನ್ನು ಮೊದಲು ಹೇಳುತ್ತೇವೆ. ಕಲಾವಿದನೂ ಉಣ್ಣಬೇಕು. ದಲಿತ ಹುಡುಗ ನಲವತ್ತು ಸಾವಿರ ಗಳಿಸಿದರೆ ಅದನ್ನು ಬಂಡವಾಳಶಾಹಿ ಅಂತ ಬಯ್ಯುವುದು ಹೊಟ್ಟೆ ತುಂಬಿದವರ ಚಟ. ಬಡತನವನ್ನು ಪೂಜೆ ಮಾಡುವುದು ನಮ್ಮ ತತ್ವ ಅಲ್ಲ. ಬಾಬಾಸಾಹೇಬರು ಹಾಗೆ ಹೇಳಲೂ ಇಲ್ಲ, ಬದುಕಲೂ ಇಲ್ಲ. ಇನ್ನೊಂದು ಮಾತು: ಪ್ರತಿಗಳಿಗೆ ಮಿತಿ ಬರುವುದು ಯಾವಾಗಲೂ ಕಪಟದಿಂದ ಅಲ್ಲ. ಲಿನೋಲಿಯಂ ಒತ್ತಿ ಒತ್ತಿ ಸವೆಯುತ್ತದೆ, ಸಣ್ಣ ಗೆರೆಗಳು ಮುರಿಯುತ್ತವೆ. ತಾಮ್ರದ ಮೇಲೆ ಸೂಜಿಯಿಂದ ನೇರವಾಗಿ ಗೀಚಿದ ಅಚ್ಚಾದರೆ ಇನ್ನೂ ಬೇಗ ಸೋಲುತ್ತದೆ. ಆಗ ಇಷ್ಟೇ ಪ್ರತಿ ಅನ್ನುವುದು ವಸ್ತುವಿನ ಸತ್ಯ. ಆ ಮಿತಿಯನ್ನು ನಂಬರಿನಲ್ಲಿ ಬರೆಯುವುದು ಪ್ರಾಮಾಣಿಕತೆ.

ಆದರೆ ಅವ್ವನ ಅಚ್ಚು ಸವೆದಿರಲಿಲ್ಲ. ಸವೆಯದ್ದನ್ನು ಸವೆಸಬೇಕು, ಇರುವುದನ್ನು ಇಲ್ಲವಾಗಿಸಬೇಕು, ಆಗ ಬೆಲೆ. ಈ ತರ್ಕವನ್ನು ನಾವು ಬೇರೆ ಎಲ್ಲೋ ನೋಡಿದ್ದೇವೆ ಅಂತ ರಾತ್ರಿಯೆಲ್ಲ ಅನ್ನಿಸುತ್ತಿತ್ತು. ಎಲ್ಲಿ ನೋಡಿದ್ದೇವೆ? ಬಾವಿಯ ಕಟ್ಟೆಯ ಮೇಲೆ ನೋಡಿದ್ದೇವೆ. ಬಾವಿಯಲ್ಲಿ ನೀರಿಗೆ ಕೊರತೆ ಇರಲಿಲ್ಲ. ಅಕ್ಷರವಂತೂ ಒಬ್ಬ ಕಲಿತರೆ ಇನ್ನೊಬ್ಬನ ಪಾಲಿಗೆ ಕಡಿಮೆ ಬೀಳುವ ವಸ್ತುವೇ ಅಲ್ಲ. ಮರ್ಯಾದೆಯೂ ಅಷ್ಟೇ, ಎಷ್ಟು ಜನರಿಗೆ ಕೊಟ್ಟರೂ ತೀರುವುದಿಲ್ಲ. ಆದರೂ ಇವೆಲ್ಲಕ್ಕೂ ಕೊರತೆ ಹುಟ್ಟಿಸಿದರು. ಕೆಲವರಿಗೆ ಸಿಗದಂತೆ ಮಾಡಿ ಸಿಕ್ಕವರ ಬೆಲೆ ಏರಿಸಿದರು. 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಗಿಳಿದು ಬಾಬಾಸಾಹೇಬರು ನೀರು ಕುಡಿದಾಗ ಕೆರೆ ಬತ್ತಲಿಲ್ಲ. ಬತ್ತಿದ್ದು ಆ ಕೆರೆ ತಮ್ಮದೊಬ್ಬರದೇ ಎಂಬ ಬೆಲೆ. ಅದಕ್ಕೇ ಅಷ್ಟು ಹೊಡೆದಾಟ ಆದದ್ದು.

ಚಿತ್ರ ಕೊಳ್ಳುವವರೆಲ್ಲ ಜಾತಿವಾದಿಗಳು ಅಂತ ನಾವು ಹೇಳುತ್ತಿಲ್ಲ. ಹಾಗೆ ಹೇಳಿದರೆ ಅದು ಸುಳ್ಳು, ಸೋಮಾರಿತನ ಕೂಡ. ನಾವು ಹೇಳುವುದು ಇಷ್ಟು: ಯಾವುದೇ ವಸ್ತುವಿನ ಬೆಲೆ ಇನ್ನೊಬ್ಬರಿಗೆ ಅದು ಸಿಗಬಾರದು ಎಂಬುದರ ಮೇಲೆ ನಿಂತಿದ್ದರೆ, ಆ ಬೆಲೆಯನ್ನು ಕಂಡು ಬೆರಗಾಗುವ ಮುಂಚೆ ನಮ್ಮಂಥವರು ಒಂದು ಹೆಜ್ಜೆ ಹಿಂದೆ ಸರಿಯಬೇಕು. ಯಾಕೆಂದರೆ ಆ ‘ಇನ್ನೊಬ್ಬರು’ ಆಗಿದ್ದವರು ನಾವೇ.

ನಂಬರಿನ ಬಗ್ಗೆಯೂ ಒಂದು ಮಾತು. ಹತ್ತರಲ್ಲಿ ಒಂದು ಅಂತ ಬರೆದು ಹಣ ತೆಗೆದುಕೊಂಡ ಮೇಲೆ ಗುಟ್ಟಾಗಿ ಹನ್ನೊಂದನೆಯದನ್ನು ತೆಗೆಯೋದು ಮೋಸ. “ಶ್ರೀಮಂತನಿಗೆ ತಾನೇ, ಬಿಡು” ಅಂತ ಗೆಳೆಯರಲ್ಲೊಬ್ಬ ಅಂದ. ಅದನ್ನು ಎಲ್ಲರೂ ತಳ್ಳಿಹಾಕಿದೆವು. ನಂಬರ್ ಅನ್ನುವುದು ಮಾತು ಕೊಟ್ಟಂತೆ. ಮಾತು ಕೊಡದಿರುವ ಹಕ್ಕು ನಮಗಿದೆ. ಕೊಟ್ಟು ಮುರಿಯುವ ಹಕ್ಕು ಇಲ್ಲ. ಇದನ್ನು ತೂಕದಲ್ಲಿ ಮೋಸ ಹೋದವರ ಮಕ್ಕಳು ಮರೆಯಬಾರದು.

*

ಇನ್ನು ಕಾಯುವ ಮಾತು. ಸಂಘಟನೆಯ ಹಿರಿಯರೊಬ್ಬರು ನಮ್ಮನ್ನು ನೋಡಿ ನಕ್ಕರು. “ಚಳವಳಿಗೆ ಚಿತ್ರ ಬೇಕು, ಚಿತ್ರಕ್ಕೆ ಮ್ಯೂಸಿಯಂ ಬ್ಯಾಡ. ಗೋಡೆಗೆ ಹಚ್ಚು, ಮಳಿ ಬಂದ್ರ ಹೋಗಲಿ, ಮತ್ತೊಂದು ಬರೀ” ಅಂದರು. ಕೇಳಲು ಚೆನ್ನಾಗಿದೆ. ನಾವೂ ಮೊದಲು ಹಾಗೇ ತಿಳಿದಿದ್ದೆವು.

ಆದರೆ 1967ರಲ್ಲಿ ದಿಲ್ಲಿಯಲ್ಲಿ ಏನಾಯಿತು ನೆನಪಿಸಿಕೊಳ್ಳಿ. ಬಾಬಾಸಾಹೇಬರು ತೀರಿಕೊಂಡು ಹತ್ತು ವರ್ಷ ಆಗಿತ್ತು. ಅಲಿಪುರ ರಸ್ತೆಯ ಮನೆಯಲ್ಲಿದ್ದ ಅವರ ಕಾಗದಪತ್ರಗಳನ್ನು ಹೊರಗೆ ಅಂಗಳಕ್ಕೆ ಎಸೆದರು. ಮಳೆ ಬಂತು. ನೆನೆದು ಹಾಳಾದವುಗಳಲ್ಲಿ ಏನೇನಿತ್ತು ಅಂತ ಇನ್ನು ಯಾರೂ ಹೇಳಲಾರರು. 1979ರಲ್ಲಿ ಮಹಾರಾಷ್ಟ್ರ ಸರ್ಕಾರ ಅವರ ಬರಹಗಳ ಮೊದಲ ಸಂಪುಟ ತಂದಿತು. ಅದಕ್ಕೂ ಮೊದಲು, 1917ರಲ್ಲಿ ಅವರ ಪುಸ್ತಕಗಳನ್ನು ಹೊತ್ತ ಹಡಗು ಯುದ್ಧದಲ್ಲಿ ಮುಳುಗಿತ್ತು. ಅಷ್ಟಾದರೂ ಆ ಮನುಷ್ಯ ಪುಸ್ತಕ ಕೂಡಿಸುವುದನ್ನು ಬಿಡಲಿಲ್ಲ; ಪುಸ್ತಕಗಳಿಗೆ ಜಾಗ ಆಗಲೆಂದು ದಾದರಿನಲ್ಲಿ ರಾಜಗೃಹ ಕಟ್ಟಿಸಿದರು. 1927ರ ಡಿಸೆಂಬರ್ 25ರಂದು ಮನುಸ್ಮೃತಿಯನ್ನು ಸುಟ್ಟದ್ದೂ ಅದೇ ಕೈ. ಯಾವುದನ್ನು ಸುಡಬೇಕು, ಯಾವುದನ್ನು ಕಾಯಬೇಕು ಅನ್ನುವುದು ಅವರಿಗೆ ಸ್ಪಷ್ಟವಿತ್ತು. ಎಲ್ಲವನ್ನೂ ಮಳೆಗೆ ಬಿಡುವುದು ಕ್ರಾಂತಿ ಅಂತ ಅವರು ತಿಳಿದಿರಲಿಲ್ಲ.

ಹಾವೇರಿಯ ಸಿದ್ಧೇಶ್ವರ ಗುಡಿಗೆ ಹೋಗಿ ನೋಡಿ. ಚಾಲುಕ್ಯರ ಕಾಲದ ಕಲ್ಲಿನ ಗುಡಿ. ಅದರ ಶಿಲ್ಪಗಳನ್ನು ಕೇಂದ್ರ ಪುರಾತತ್ವ ಇಲಾಖೆ ಕಾಯುತ್ತದೆ, ಮುಟ್ಟಿ ಕೆಡಿಸಿದರೆ ಶಿಕ್ಷೆ ಅಂತ ಕಾನೂನು ಇದೆ. ಇರಲಿ, ಒಳ್ಳೆಯದೇ. ಕಲ್ಲು ಹೊತ್ತವರಲ್ಲಿ ನಮ್ಮ ಪೂರ್ವಿಕರೂ ಇದ್ದಾರು. 1972ರ ಪ್ರಾಚ್ಯವಸ್ತುಗಳ ಕಾಯ್ದೆ ಒಂದು ಕಲಾವಸ್ತುವನ್ನು ಪ್ರಾಚ್ಯವಸ್ತು ಅನ್ನಬೇಕಾದರೆ ಅದಕ್ಕೆ ನೂರು ವರ್ಷ ತುಂಬಿರಬೇಕು ಅನ್ನುತ್ತದೆ. ನೂರು ತುಂಬಿದ ಮೇಲೆ ಕಾನೂನು ಬರುತ್ತದೆ. ಆ ಮೊದಲ ನೂರು ವರ್ಷ ಯಾರು ಕಾಯಬೇಕು? ಉಳ್ಳವರ ಮನೆಯ ಚಿತ್ರವನ್ನು ಅವರ ಕಪಾಟು ಕಾಯುತ್ತದೆ. ಕೇರಿಯ ಚಿತ್ರವನ್ನು?

ನಮ್ಮ ಅಜ್ಜಿಯ ಮುಖ ನಮಗೆ ಗೊತ್ತಿಲ್ಲ. ಒಂದು ಫೋಟೋ ಇಲ್ಲ, ಒಂದು ಗೆರೆ ಇಲ್ಲ. ನಮ್ಮವ್ವನ ಮುಖ ಈ ಚಿತ್ರ ಬರುವ ಮುಂಚೆ ಇದ್ದದ್ದು ಎರಡೇ ಕಡೆ: ಆಧಾರ್ ಕಾರ್ಡಿನಲ್ಲಿ, ಉದ್ಯೋಗ ಖಾತ್ರಿಯ ಜಾಬ್ ಕಾರ್ಡಿನಲ್ಲಿ. ಎರಡರಲ್ಲೂ ಅವಳು ತಪ್ಪು ಮಾಡಿದವಳ ಹಾಗೆ ಕಾಣುತ್ತಾಳೆ. 1970, 80ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿಯ ಗೆಳೆಯರು ಗೋಡೆ ಗೋಡೆಗೆ ಬರೆದರು, ಕರಪತ್ರ ಹಂಚಿದರು, ಪೋಸ್ಟರು ಹಚ್ಚಿದರು. ಓದುವ ಗೆಳೆಯರೇ, ನಿಮ್ಮ ಊರಲ್ಲಿ ಅವುಗಳಲ್ಲಿ ಎಷ್ಟು ಉಳಿದಿವೆ? ಹೋಗಿ ಎಣಿಸಿ ನೋಡಿ. ಉಳಿಸಿಕೊಳ್ಳದವರ ಚರಿತ್ರೆಯನ್ನು ಬೇರೆಯವರು ಬರೆಯುತ್ತಾರೆ, ತಮಗೆ ಬೇಕಾದಂತೆ ಬರೆಯುತ್ತಾರೆ.

ಕೆಡಿಸುವುದರಲ್ಲಿ ನಮ್ಮ ಕೈಯೂ ಇದೆ, ಒಪ್ಪಿಕೊಳ್ಳುತ್ತೇವೆ. ಗೆಳೆಯ ಕೊಟ್ಟ ಪ್ರತಿಯನ್ನು ನಾವು ಸೆಲ್ಲೋಟೇಪಿನಿಂದ ಒಲೆಯ ಕಡೆಯ ಗೋಡೆಗೆ ಅಂಟಿಸಿದೆವು. ಆ ವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ ಮೂಲೆಗಳು ಹಳದಿಯಾದವು, ಅವ್ವನ ಮೊಣಕಾಲಿನ ಮೇಲೆ ತೇವದ ಕಲೆ ಬಿತ್ತು. ಬಿಡಿಸಲು ಹೋದಾಗ ಟೇಪಿನ ಜೊತೆ ಕಾಗದವೂ ಕಿತ್ತು ಬಂತು.

ಆದ್ದರಿಂದ ಕಲಿತದ್ದನ್ನು ಹೇಳುತ್ತೇವೆ. ಶಾಲೆಯ ಮಾಸ್ತರರು ಇದನ್ನು ಮಕ್ಕಳಿಗೂ ಹೇಳಲಿ. ಕಾಡಿಗೆಯಿಂದ ಮಾಡಿದ ಕಪ್ಪು ಶಾಯಿ ಬೆಳಕಿಗೆ ಸುಲಭವಾಗಿ ಮಾಸುವುದಿಲ್ಲ, ಸೋಲುವುದು ಕಾಗದ. ಪತ್ರಿಕೆಯ ಕಾಗದದಂಥ ಮರದ ತಿರುಳಿನ ಅಗ್ಗದ ಹಾಳೆಯಲ್ಲಿ ಆಮ್ಲ ಇರುತ್ತದೆ. ತಾನೇ ಹಳದಿಯಾಗಿ ಪುಡಿಯಾಗುತ್ತದೆ. ಹತ್ತಿಯ ಚಿಂದಿಯಿಂದ ಮಾಡಿದ ಕೈಕಾಗದ ನೂರಾರು ವರ್ಷ ಬಾಳುತ್ತದೆ. ಸೆಲ್ಲೋಟೇಪು, ಫೆವಿಕಾಲು ಬೇಡ. ಲ್ಯಾಮಿನೇಶನ್ ಮಾಡಿಸಲೇಬೇಡಿ, ಬಿಸಿಯಲ್ಲಿ ಅಂಟಿದ ಪ್ಲಾಸ್ಟಿಕ್ಕನ್ನು ಮತ್ತೆ ಬಿಡಿಸಲಾಗದು. ಹಚ್ಚಲೇಬೇಕಾದರೆ ಗೋಧಿಯ ಗಂಜಿಯ ಅಂಟಿನಿಂದ, ತೆಳು ಕೈಕಾಗದದ ಎರಡು ಸಣ್ಣ ಪಟ್ಟಿಗಳಿಂದ, ಮೇಲಿನ ಅಂಚಿಗೆ ಮಾತ್ರ ಹಚ್ಚಿ; ನೀರು ತಾಕಿಸಿದರೆ ಬಿಡುತ್ತದೆ. ಚೌಕಟ್ಟು ಹಾಕಿಸಿದರೆ ಗಾಜು ಚಿತ್ರಕ್ಕೆ ತಾಗದಂತೆ ನಡುವೆ ದಪ್ಪ ಕಾಗದದ ಅಂಚು ಇರಲಿ. ಹಿಂದೆ ಇಡುವ ಕಂದು ರಟ್ಟು ಕಾಲಾಂತರದಲ್ಲಿ ಚಿತ್ರಕ್ಕೂ ಕಂದು ಬಣ್ಣ ಇಳಿಸುತ್ತದೆ. ನಡುವೆ ಒಳ್ಳೆಯ ಬಿಳಿ ಕೈಕಾಗದ ಹಾಕಿ. ಬಿಸಿಲು ಬೀಳುವ ಗೋಡೆ ಬೇಡ, ಮಳೆಯ ಕಡೆಯ ಗೋಡೆ ಬೇಡ, ಒಲೆಯ ಹೊಗೆ ಬೇಡ. ಬ್ಯಾಡಗಿಯ ಸುತ್ತ ಮೆಣಸಿನಕಾಯಿಯ ಬಣ್ಣ ಹೋಗದಿರಲೆಂದು ಶೀತಲಗೃಹಗಳನ್ನು ಕಟ್ಟಿದ್ದಾರೆ. ನಮಗೆ ಶೀತಲಗೃಹ ಬೇಕಿಲ್ಲ. ಒಣಗಿದ ಒಳಗೋಡೆ ಒಂದು, ವರ್ಷಕ್ಕೆರಡು ಸಲ ತೆಗೆದು ನೋಡುವ ಕಣ್ಣು ಎರಡು, ಇಷ್ಟು ಸಾಕು.

ಕೊನೆಯದಾಗಿ, ಚಿತ್ರದ ಬೆನ್ನಿಗೆ ಮೆತ್ತನೆಯ ಪೆನ್ಸಿಲ್ಲಿನಿಂದ ಬರೆಯಿರಿ: ಚಿತ್ರದಲ್ಲಿ ಯಾರು, ಮಾಡಿದವರು ಯಾರು, ಯಾವ ಊರು, ಯಾವ ವರ್ಷ. ಹೆಸರಿಲ್ಲದ ಚಿತ್ರ ಐವತ್ತು ವರ್ಷದ ನಂತರ ‘ಅಜ್ಞಾತ ಗ್ರಾಮೀಣ ಮಹಿಳೆ’ ಆಗುತ್ತದೆ.

*

ಕೊನೆಗೆ ಏನಾಯಿತು ಅಂತ ಕೇಳುತ್ತೀರಿ. ಗೆಳೆಯ ಆ ಹಿರಿಯರಿಗೆ ಪತ್ರ ಬರೆದ. ಹತ್ತಿಯ ಕಾಗದದ ಮೇಲೆ ಹತ್ತು ಪ್ರತಿ ತೆಗೆದು ನಂಬರ್ ಹಾಕುತ್ತೇನೆ. ಆದರೆ ಅಚ್ಚಿಗೆ ಗೀಟು ಹೊಡೆಯುವುದಿಲ್ಲ. ಕೇರಿಯ ಮನೆಗಳಿಗೆ, ಶಾಲೆಗಳಿಗೆ ಬೇರೆ ಕಾಗದದ ಮೇಲೆ ನಂಬರಿಲ್ಲದ ಪ್ರತಿಗಳನ್ನು ಬೇಕೆಂದಾಗ ತೆಗೆಯುತ್ತೇನೆ. ಇದನ್ನು ಮುಂಚೆಯೇ ತಿಳಿಸುತ್ತಿದ್ದೇನೆ, ಒಪ್ಪಿಗೆಯಾದರೆ ಕೊಳ್ಳಿ ಅಂತ. ಅವರು ಬಂದರು, ಬೇಸರ ಮಾಡಿಕೊಳ್ಳಲಿಲ್ಲ. ಮೂರು ಪ್ರತಿ ಸಾಕು ಅಂದರು, ಒಂದಕ್ಕೆ ಎರಡು ಸಾವಿರದ ಮೇಲೆ ಆಗದು ಅಂದರು. ನಲವತ್ತು ಸಾವಿರದ ಜಾಗದಲ್ಲಿ ಆರು ಸಾವಿರ ಬಂತು. ಅದರಲ್ಲಿ ಮೂರರಲ್ಲೊಂದು ಪಾಲು ಅವ್ವನಿಗೆ ಅಂತ ಗೆಳೆಯನೇ ಹೇಳಿದ. ಅವ್ವ ಎರಡು ಸಾವಿರ ಎಣಿಸಿ ಸೆರಗಿಗೆ ಕಟ್ಟಿಕೊಂಡಳು. ವಾಪಸ್ ಕೊಡಲಿಲ್ಲ. ಕೊಡಬೇಕಾಗಿಯೂ ಇರಲಿಲ್ಲ, ಅದು ಅವಳು ಕೂತ ಕೂಲಿ.

ಇಲ್ಲಿ ಕತೆ ಮುಗಿಸಿ ತತ್ವ ಗೆದ್ದಿತು ಅಂತ ಬರೆಯಬಹುದಿತ್ತು. ಆದರೆ ಗೀಟು ಬೇಡ ಅಂತ ರಾತ್ರಿಯೆಲ್ಲ ವಾದ ಮಾಡಿದವರು ನಾವು. ಫೀಸು ಕಟ್ಟಲಾಗದೆ ಮುಂದಿನ ಎರಡು ತಿಂಗಳು ಮೆಣಸಿನಕಾಯಿ ಚೀಲ ಹೊತ್ತವನು ಅವನು. ತತ್ವ ಹೇಳಿದ ಬಾಯಿಯೂ ಬೆಲೆ ತೆತ್ತ ಬೆನ್ನೂ ಬೇರೆ ಬೇರೆ ಆಗಿದ್ದವು. ಇದು ನಮಗೆ ತಡವಾಗಿ ಹೊಳೆಯಿತು, ನಾಚಿಕೆಯಾಯಿತು. ಆಮೇಲೆ ಹನ್ನೊಂದು ಜನ ಸೇರಿ ಉಳಿದ ಫೀಸನ್ನು ಕಂತಿನಲ್ಲಿ ಕಟ್ಟಿದೆವು. ಪಡಿಯಚ್ಚು ಎಲ್ಲರದ್ದೂ ಆಗಿ ಉಳಿಯಬೇಕು ಅಂದರೆ ಅದರ ಖರ್ಚೂ ಎಲ್ಲರದ್ದಾಗಬೇಕು. ಬೆಲೆ ಕಟ್ಟುವ ಹಕ್ಕು ಕೇಳುವವರು ಆ ಬೆಲೆಯನ್ನು ತೆರಲು ಸಿದ್ಧರಿರಬೇಕು. ಇದನ್ನು ನಮಗೆ ಯಾವ ಪುಸ್ತಕವೂ ಕಲಿಸಲಿಲ್ಲ, ಅವನ ಹೆಗಲ ಮೇಲಿನ ಚೀಲ ಕಲಿಸಿತು.

ಅಚ್ಚು ಈಗ ಹತ್ತಿ ಬಟ್ಟೆಯಲ್ಲಿ ಸುತ್ತಿ ನಮ್ಮ ಓದುವ ಕೋಣೆಯ ಪೆಟ್ಟಿಗೆಯಲ್ಲಿದೆ, ಮಡಚದೆ, ಅಂಗಾತ. ಚಿತ್ರದ ಹೆಸರು ಬದಲಾಗಿದೆ. ‘ದುಡಿಯುವ ಹೆಣ್ಣು’ ಹೋಗಿ ಅವ್ವನ ಹೆಸರು ಬಂದಿದೆ. ಆ ಹೆಸರನ್ನು ಇಲ್ಲಿ ಬರೆಯಲೇ ಅಂತ ಕೇಳಿದೆವು. “ಪತ್ರಿಕೆದಾಗ ಬ್ಯಾಡ, ಚಿತ್ರದಾಗ ಇರಲಿ. ನೋಡೂದಿದ್ರ ಮನೀಗೆ ಬರಲಿ” ಅಂದಳು. ನಂಬರಿಲ್ಲದ ಒಂದು ಪ್ರತಿ ನಮ್ಮ ಒಳಗೋಡೆಯ ಮೇಲೆ ಬಾಬಾಸಾಹೇಬರ ಪಟದ ಪಕ್ಕ ಇದೆ. ಟೇಪು ಹಚ್ಚಿಲ್ಲ.

ಗೆಳೆಯರೇ, ಬ್ಯಾಡಗಿ, ರಾಣೆಬೆನ್ನೂರು, ಹಾವೇರಿ ಕಡೆಯ ಮಾಸ್ತರರೇ, ನಿಮ್ಮ ಕೇರಿಯಲ್ಲಿ ಯಾರ ಮನೆಯಲ್ಲಿ ಯಾವ ಚಿತ್ರ ಇದೆ, ಯಾವ ಪೋಸ್ಟರು, ಯಾವ ಪಟ ಇದೆ ಅಂತ ಒಂದು ನೋಟುಬುಕ್ಕಿನಲ್ಲಿ ಬರೆದಿಡಿ. ಮಾಡಿದವರ ಹೆಸರು, ಚಿತ್ರದಲ್ಲಿರುವವರ ಹೆಸರು ಎರಡೂ ಬರೆಯಿರಿ. ಮಳೆಗಾಲ ಬರುವ ಮುಂಚೆ ಆ ಗೋಡೆಗಳನ್ನು ಒಮ್ಮೆ ಕೈಯಿಂದ ಮುಟ್ಟಿ ನೋಡಿ, ತೇವ ಇದೆಯೋ ಇಲ್ಲವೋ.